ಎಣ್ಣೆಗಪ್ಪಿಗೆ ಯಾವ ಬಣ್ಣ ಒಪ್ಪುತ್ತದೆ?

ಸೀರೆ ಅಂಗಡಿಯಲ್ಲಿ ಕೆಲಸಕ್ಕಿರುವವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತದೆ. ನಂಜನಗೂಡಿನ ಅಂಗಡಿ ಬೀದಿಯಲ್ಲಿ ನಾನು ಬಹಳ ವರ್ಷದಿಂದ ಸೀರೆ ಬಿಚ್ಚಿ ಮಡಿಸುತ್ತಿದ್ದೇನೆ. ಯಾರ ಮೈಬಣ್ಣಕ್ಕೆ ಯಾವುದು ಒಪ್ಪುತ್ತದೆಂದು ಮುಖ ನೋಡಿಯೇ ಹೇಳುತ್ತೇನೆ. ನನಗೆ ಯಾವುದು ಒಪ್ಪುತ್ತದೆಂದು ಹೇಳಬೇಕಾದವರು ಮಾತ್ರ ಹೇಳುವುದಿಲ್ಲ. ನಮ್ಮ ಯಜಮಾನರಿಗೆ ತಿ. ನರಸೀಪುರದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ಹೊಸ ಸೀರೆ ಉಟ್ಟು ಹೇಗಿದೆ ಎಂದರೆ ತಲೆ ಎತ್ತದೆ "ಚೆನ್ನಾಗದೆ" ಎನ್ನುತ್ತಾರೆ. ಒಂದು ಸಲ ಉಡುವ ಮೊದಲೇ ಅಡುಗೆಮನೆಯಿಂದ ಕೇಳಿದೆ. ಆಗಲೂ ಚೆನ್ನಾಗಿತ್ತು.

೧. ಎರವಲು ಮದುವಣಗಿತ್ತಿ

ಗಂಡಿನ ಕಡೆಯವರು ಮದುವೆ ಸೀರೆ ತೆಗೆಯಲು ಬಂದಾಗ ಎಷ್ಟೋ ಸಲ ಹುಡುಗಿ ಜೊತೆಗಿರುವುದಿಲ್ಲ. ಅವಳ ಬಣ್ಣದವರು ಅಂಗಡಿಯಲ್ಲಿ ಯಾರಿದ್ದಾರೋ ಅವರ ಹೆಗಲಿಗೆ ಹೊದಿಸಿ ನೋಡುತ್ತಾರೆ. ನಾನು ಎಣ್ಣೆಗಪ್ಪು. ಹಾಗಾಗಿ ನಮ್ಮಲ್ಲಿಗೆ ಬಂದ ಎಣ್ಣೆಗಪ್ಪು ಮದುವಣಗಿತ್ತಿಯರ ಸೀರೆಗಳೆಲ್ಲ ಮೊದಲು ನನ್ನ ಹೆಗಲೇರಿದವೇ.

ಒಮ್ಮೆ ಹೆಡತಲೆಯಿಂದ ಒಂದು ಕುಟುಂಬ ಬಂತು. ಹುಡುಗಿ ಬಣ್ಣ ಹೇಗೆಂದರೆ ಗಂಡಿನ ತಾಯಿ "ನಿನ್ನಂಗೇ ಕಣವ್ವ" ಎಂದರು. ಹೆಣ್ಣು ನೋಡಲು ಹೋದ ಸಂಜೆ ಅಲ್ಲಿ ಕರೆಂಟಿರಲಿಲ್ಲವಂತೆ. ಮದುಮಗ ಫೋನಿನಲ್ಲಿ ಫೋಟೋ ತೋರಿಸಿದ. ಅದರಲ್ಲಿ ಹುಡುಗಿಯ ಹಲ್ಲು ಮಾತ್ರ ಕಾಣುತ್ತಿತ್ತು. ಕೊನೆಗೆ ಕೆಂಪಂಚಿನ ಹಸಿರು ಸೀರೆ ನನಗೆ ಹೊದಿಸಿ ಎಲ್ಲರೂ ಕಣ್ತುಂಬ ನೋಡಿದರು. ಕನ್ನಡಿಯಲ್ಲಿ ನಾನೂ ನೋಡಿದೆ. ನಮ್ಮ ಯಜಮಾನರು ಒಮ್ಮೆ ಬಂದು ಹೀಗೆ ನೋಡಬಾರದೇ ಎಂದು ಸಂಕಟವಾಯಿತು.

ವಾರ ಕಳೆದು ಆ ತಾಯಿ ಸೀರೆಯ ಜೊತೆ ಹುಡುಗಿಯನ್ನೂ ಕರೆತಂದರು. ಹುಡುಗಿ ಹಾಲಿನಂಥ ಬಿಳುಪು. ಆ ಹಸಿರಿನಲ್ಲಿ ಈಗಷ್ಟೇ ಜ್ವರ ಬಿಟ್ಟವಳ ಹಾಗಿದ್ದಳು. ಮಾರಿದ ಮಾಲು ವಾಪಸಿಲ್ಲ ಎಂದು ಮಾಲೀಕರು ಬೋರ್ಡು ತೋರಿಸಿದರು. ತಾಯಿ ನಿಧಾನವಾಗಿ ಹೇಳಿದರು: "ಎರಡ್ರಲ್ಲಿ ಒಂದು ಬದ್ಲಾಯಿಸ್ಲೇಬೇಕಲ್ಲ ಸಾವ್ಕಾರ್ರೇ. ಹುಡ್ಗಿಗೆ ಆಗ್ಲೇ ವೀಳ್ಯಶಾಸ್ತ್ರ ಆಗೋಗದೆ."

೨. ಮೇಷ್ಟ್ರ ತಲೆ

ಚಿಕ್ಕಯ್ಯನಛತ್ರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತಲೆಗೆ ಕಡುಗಪ್ಪು ಹಚ್ಚಿಕೊಂಡು ಬಂದು, ಆ ಕೂದಲಿಗೆ ಒಪ್ಪಬೇಕೆಂದು ನಮ್ಮಂಗಡಿಯ ಗಂಡಸರ ಬಟ್ಟೆಯ ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಗಿ ಕೊಂಡರು. ತಿಂಗಳಾದ ಮೇಲೆ ಹೆಂಡತಿಯೊಂದಿಗೆ ವಾಪಸು ಬಂದರು. ಕೂದಲು ಬುಡದಲ್ಲಿ ಬೆಳ್ಳಗೆ, ತುದಿಯಲ್ಲಿ ಹಿತ್ತಾಳೆ. ಅಂಗಿ ಈಗ ಮುಖಕ್ಕೆ ಒಪ್ಪುತ್ತಿಲ್ಲ, ಬಣ್ಣ ಹೋಗುವುದಿಲ್ಲವೆಂದು ಗ್ಯಾರಂಟಿ ಕೊಟ್ಟಿದ್ದಿರಿ ಎಂದು ವಾದ. ಅವರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಲೇ, ಬಿಳಿ ತಲೆಗೆ ಇದು ಚಂದ ಎಂದು ತಿಳಿನೀಲಿ ಅಂಗಿಯೊಂದನ್ನು ಅವರ ಎದೆಗಿಟ್ಟು ನೋಡಿದರು. ಮೇಷ್ಟ್ರು ತಟ್ಟನೆ ತಣ್ಣಗಾದರು. ಆ ಗಂಡ ಹೆಂಡಿರನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ಮಾಲೀಕರು ಮಾತ್ರ ಅಂಗಿಯನ್ನೊಮ್ಮೆ, ತಲೆಯನ್ನೊಮ್ಮೆ ನೋಡಿ, "ಗ್ಯಾರಂಟಿ ಅಂಗೀದು ಸಾ" ಎಂದರು.

೩. ಫೋನಿನ ಭವಿಷ್ಯ

ಬೆಕ್ಕಿನ ಕಣ್ಣಿನ ಕಾಲೇಜು ಹುಡುಗಿಯೊಬ್ಬಳು ಅಜ್ಜಿಯೊಂದಿಗೆ ಬಂದಿದ್ದಳು. ಕಣ್ಣು, ಕೂದಲು, ಚರ್ಮ ನೋಡಿ ಯಾವ ಋತುವಿನವರೆಂದು ಗುರುತಿಸಿ ಒಪ್ಪುವ ಬಣ್ಣ ಹೇಳುತ್ತದೆಂದು ಫೋನನ್ನು ಮುಖದ ಮುಂದೆ ಹಿಡಿದಳು. ಅವಳು ಎಲೆ ಉದುರುವ ಕಾಲದವಳಂತೆ, ಸಾಸಿವೆ ಹಳದಿ ಒಪ್ಪುತ್ತದಂತೆ. ನನಗೂ ಹಿಡಿದಳು. ನಾನು ಚಳಿಗಾಲದವಳಂತೆ, ಕಡುನೇರಳೆ ಒಪ್ಪುತ್ತದಂತೆ. ಫೋನಾದರೇನು, ಯಾವುದೋ ಒಂದು ನನ್ನ ಮುಖ ನೋಡಿ ಹೇಳಿತಲ್ಲ ಎಂದು ಕಣ್ಣು ತುಂಬಿತು.

ಅಜ್ಜಿಯೂ ಮುಖ ಮುಂದೆ ಮಾಡಿದರು. ಫೋನು ಬಹಳ ಹೊತ್ತು ಯೋಚಿಸಿ, ಬೆಳಕು ಸಾಲದು, ಏನೂ ಕಾಣುತ್ತಿಲ್ಲ ಎಂದಿತು.

"ನಮ್ಮೆಜಮಾನ್ರೂ ಇರೋಗಂಟ ಇದೇ ಅಂತಿದ್ರು ಕಣವ್ವ" ಎಂದರು ಅಜ್ಜಿ.

೪. ಎದುರಂಗಡಿ

ಟ್ಯೂಬ್‌ಲೈಟಿನಲ್ಲಿ ಸೀರೆಯ ನಿಜವಾದ ಬಣ್ಣ ತಿಳಿಯುವುದಿಲ್ಲ. ಅದಕ್ಕೇ ಗಿರಾಕಿಗೆ ಅನುಮಾನ ಬಂದರೆ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿಯುತ್ತೇವೆ. ಕಳೆದ ಬೇಸಿಗೆಯಲ್ಲಿ ಹಾಗೆ ಹಿಡಿದು ನಿಂತಾಗ ಎದುರಂಗಡಿಯ ಮೆಟ್ಟಿಲ ಮೇಲೆ ನಮ್ಮ ಯಜಮಾನರು ಕಂಡರು. ಪಕ್ಕದಲ್ಲಿ ಅಲ್ಲಿಯ ಕೆಲಸದ ಹುಡುಗಿ, ಅವಳ ಎರಡೂ ಹೆಗಲ ಮೇಲೆ ಸೀರೆ. ಇಬ್ಬರೂ ಕಣ್ಣಿಗೆ ಕೈ ಮರೆ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದರು. ಹೆಂಡತಿ ಸೀರೆ ಅಂಗಡಿಯಲ್ಲಿರುವಾಗ ಈ ಮನುಷ್ಯನಿಗೆ ಎದುರಂಗಡಿ ಬೇಕಾಯಿತೇ ಎಂದು ಉರಿದುಹೋಯಿತು. ಗಿರಾಕಿಯ ಕೈಗೆ ಸೀರೆ ಕೊಟ್ಟು ರಸ್ತೆ ದಾಟಿದೆ.

ಆ ಹುಡುಗಿಯೇ ನಗುತ್ತ ಹೇಳಿದಳು. ಹೆಂಡತಿಗೆ ಸೀರೆ ಬೇಕು ಎಂದು ಬಂದರಂತೆ. ಹೆಂಡತಿಯ ಬಣ್ಣ ಹೇಗೆ ಎಂದು ಇವಳು ಕೇಳಿದಳಂತೆ. ಎಷ್ಟು ಯೋಚಿಸಿದರೂ ಹೇಳಲು ತಿಳಿಯದೆ, ಬಾ ತೋರಿಸುತ್ತೇನೆ ಎಂದು ಬಾಗಿಲಿಗೆ ಕರೆತಂದರಂತೆ. ಆಗಿನಿಂದಲೂ ಒಂದೊಂದು ಸೀರೆ ಹಿಡಿಯುವುದು, ನನ್ನ ಕಡೆ ನೋಡುವುದು.

"ನಮ್ಮಂಗಡೀಗೇ ಬರಬಾರದಿತ್ತಾ?" ಎಂದೆ.

"ಅಲ್ಲಿಗೆ ಬಂದ್ರೆ ನೀನು ಸೀರೆ ತೋರುಸ್ತೀಯ, ನಾನು ಸೀರೆ ನೋಡ್ಬೇಕಾಯ್ತದೆ" ಎಂದರು. ಆಮೇಲೆ ತಲೆ ಕೆರೆದುಕೊಂಡು, "ಓಗು, ಅಲ್ಲೇ ಬಿಸಿಲಲ್ಲಿ ನಿಂತ್ಕೊ. ಇನ್ನೊಂದೆರಡು ನೋಡ್ತೀನಿ" ಎಂದರು.

ಮದುವೆಯಾದಾಗಿನಿಂದ ಆಸೆಪಟ್ಟದ್ದು ಇಷ್ಟೇ. ರಸ್ತೆ ದಾಟಿ ಬಂದು ನಮ್ಮ ಬಾಗಿಲಲ್ಲಿ ನಿಂತೆ. ಒಳಗಿನಿಂದ ಮಾಲೀಕರು ಕರೆದರು, ಗಿರಾಕಿ ಬೈದುಕೊಂಡು ಹೋದಳು, ನೆತ್ತಿ ಕಾದ ಹೆಂಚಾಯಿತು. ಅವರು ಒಂದು ಸೀರೆ ಎತ್ತಿ ಹಿಡಿದು ನನ್ನನ್ನು ನೋಡಿದರು. ಬೇಡವೆಂದು ಕೈಯಾಡಿಸಿದೆ. ಇನ್ನೊಂದು ಹಿಡಿದು ನೋಡಿದರು. ಅದೂ ಬೇಡವೆಂದೆ. ಆ ಹುಡುಗಿ ಒಳಗೆ ಹೋಗಿ ಮತ್ತೊಂದು ರಾಶಿ ಹೊತ್ತು ತಂದಳು. ಅದಕ್ಕೂ ಕೈಯಾಡಿಸಿದೆ.

ಮೊದಲನೆಯದೇ ನನಗೆ ಹಿಡಿಸಿತ್ತು.