ಮಾವನ ದ್ರಾಕ್ಷಿಗೆ ಅಳಿಯನ ಇ-ಮೇಲ್

"ಇನ್ನ ಎರಡ ದಿನ ತಡೀರಿ ಮಾವಾ! ಜಗತ್ತಿನ ಸಾವಿರ ವಿಜ್ಞಾನಿಗಳನ್ನ ನಿಮ್ಮ ತೋಟದಾಗ ತಂದ ನಿಲ್ಲಸ್ತೀನಿ!"

ಹೀಗೆಂದು ತವನಪ್ಪ ಫೋನಿನಲ್ಲಿ ಗುಡುಗಿದ್ದು ೧೯೯೮ರ ಡಿಸೆಂಬರಿನಲ್ಲಿ. ಅಥಣಿಯ ಮಾವ ಆಬಾಸಾಹೇಬರ ದ್ರಾಕ್ಷಿ ಎಲೆಗಳ ಮೇಲೆ ಬೂದಿ ಎರಚಿದಂತೆ ಭುರಿ ರೋಗ ಬಿದ್ದಿತ್ತು. ಕಾಯಿ ಜೋಳದ ಕಾಳಿನಷ್ಟು. ವಾರ ತಡವಾದರೆ ವರ್ಷದ ಬೆಳೆಯೇ ಹೋಯಿತು!

ನಮ್ಮ ತವನಪ್ಪ ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ಕ್ಲಾರ್ಕ್. ವಖಾರಿಗೆ ಹೊಸದಾಗಿ ಇಂಟರ್ನೆಟ್ ಬಂದಿತ್ತು. ಅದರೊಳಗೆ ದ್ರಾಕ್ಷಿಯವರದೊಂದು ಮೇಲಿಂಗ್ ಲಿಸ್ಟ್ ಇತ್ತು. ಒಂದು ಪತ್ರ ಹಾಕಿದರೆ ಸಾಕು, ಸಾವಿರ ಜನರ ಮನೆ ಮುಟ್ಟುತ್ತದೆ.

"ಹಂಗಾರ ಒಂದ ಸಾಲ ಬರದ ಕೇಳ್ರಿ," ಎಂದಳು ಹೆಂಡತಿ ರಾಜಮತಿ.

"ಒಂದ ಸಾಲ? ಇದೇನ ಕಿರಾಣಿ ಚೀಟಿ ಏನ? ನಿಮ್ಮ ಮನೆತನದ ಮರ್ಯಾದಿ ಪ್ರಶ್ನೆ ಐತಿ!"

ಆತನಿಗೆ ಗೊತ್ತಿದ್ದ ಮರ್ಯಾದೆಯ ಪತ್ರ ಒಂದೇ, ಲಗ್ನಪತ್ರಿಕೆ. ಇ-ಮೇಲನ್ನೂ ಅದೇ ಅಚ್ಚಿನಲ್ಲಿ ಬರೆದು ಕಳಿಸಿದ. ಮೇಲೆ ದೇವರ ಸ್ಮರಣೆ, ನಾಲ್ಕು ಮೂಲೆಗೆ ಅರಿಷಿಣ ಬಣ್ಣ, ಸುತ್ತ ಗುಲಾಬಿ ಬಳ್ಳಿ, ಕೆಳಗೆ ಕೆಂಪಕ್ಷರದಲ್ಲಿ ಮಾವ ಮತ್ತವರ ನಾಲ್ವರು ತಮ್ಮಂದಿರ ಹೆಸರು, ಬಿರುದು ಬಾವಲಿ ಸಹಿತ ಹದಿನೇಳು ಸಾಲು! ರೋಗದ ಸುದ್ದಿ ನಡುವೆ ಎಲ್ಲೋ ಮುದುಡಿ ಕೂತಿತ್ತು.

ಮರುದಿನ ಲಿಸ್ಟ್ ನೋಡಿಕೊಳ್ಳುವವರ ಉತ್ತರ ಬಂತು: "ನಿಮ್ಮ ಪತ್ರದ ತುಂಬ ಚಿಹ್ನೆಗಳೇ ಕಾಣುತ್ತಿವೆ. ಬಣ್ಣ, ಚಿತ್ರ ಬೇಡ, ಬರೀ ಅಕ್ಷರ ಕಳಿಸಿ. ಸಹಿ ನಾಲ್ಕು ಸಾಲು ಮೀರಬಾರದು." ಲಿಸ್ಟಿನಲ್ಲಿದ್ದ ನಾಸಿಕದವನೊಬ್ಬ ಆ ಚಿಹ್ನೆಗಳ ನಡುವೆಯೂ ಹೆಸರುಗಳನ್ನು ಹೆಕ್ಕಿ ಓದಿ ಕೇಳಿದ್ದ: "ಶುಭಾಶಯ! ವರ ಯಾವ ಊರಿನವನು?"

ಬಣ್ಣ ತೆಗೆಯುವುದು ಸುಲಭ. ಹೆಸರು?

"ಸಣ್ಣ ಕಾಕಾನ ಹೆಸರ ತಗದ್ರ ಅವರ ಹೇಣ್ತಿ, ನಮ್ಮ ಕಾಕು, ಈ ಜನ್ಮದಾಗ ನಮ್ಮ ಹೊಸ್ತಲಾ ತುಳ್ಯಾಂಗಿಲ್ಲ!" ಎಂದಳು ರಾಜಮತಿ.

ತವನಪ್ಪ ಉಪಾಯಗಾರ. ಹದಿನೇಳು ಸಾಲನ್ನೂ ಉದ್ದುದ್ದ ಹೊಸೆದು ನಾಲ್ಕೇ ಸಾಲು ಮಾಡಿ ಕಳಿಸಿದ. ಅಷ್ಟುದ್ದದ ಸಾಲು ಆ ಕಡೆಯ ಪರದೆಯಲ್ಲಿ ಹಿಡಿಸದೆ ಸಿಕ್ಕಸಿಕ್ಕಲ್ಲಿ ಮುರಿಯಿತು. ಪ್ರಶ್ನೆಯೇ ತಿಳಿಯಲಿಲ್ಲವೆಂದು ಪತ್ರ ವಾಪಸು! ಅದನ್ನು ಪ್ರಿಂಟ್ ಮಾಡಿ ಮನೆಗೆ ತಂದ. ಒಂದು ಸಾಲಿನ ತುದಿಗೆ 'ಆಬಾ', ಮುಂದಿನ ಸಾಲಿನ ಮೊದಲಿಗೆ 'ಸಾಹೇಬ'.

"ಅಯ್ಯಯ್ಯ! ನಮ್ಮಪ್ಪನ್ನ ಎರಡ ತುಂಡ ಮಾಡೀರೆಲ್ಲರಿ!"

ಅಷ್ಟರಲ್ಲಿ ಮಾವನ ಫೋನು: "ಅಳ್ಯಾರ, ಜಗತ್ತ ಏನ ಅಂತೈತಿ?"

"ವಿಚಾರ ಮಾಡಾಕತ್ತೈತ್ರಿ ಮಾವಾ!"

"ಲಗೂನ ಮಾಡಂತ ಹೇಳ್ರಿ. ಬೂದಿ ಕಾಯಿಗಿ ಏರಾಕತ್ತೈತಿ."

ತವನಪ್ಪ ಫೋನಿಟ್ಟು ಬೆರಳು ಎಣಿಸಿದ. ಐದು ದಿನ ಕಳೆದಿತ್ತು! ರಾಜಮತಿ ಕ್ಯಾಲೆಂಡರಿನ ಹಾಳೆ ಹರಿದು ಹಿಂದೆ ಗೀಚಿ ಕೊಟ್ಟಳು: 'ದ್ರಾಕ್ಷಿ ಎಲಿ ಮ್ಯಾಲ ಬಿಳಿ ಬೂದಿ. ಕಾಯಿ ಜೋಳದಷ್ಟ. ಮೋಡ ಐತಿ. ಏನ ಹೊಡೀಬೇಕು?' ಆತ ಅಷ್ಟನ್ನೇ ಇಂಗ್ಲಿಷಿಗೆ ತಿರುಗಿಸಿ, 'ತವನಪ್ಪ, ಅಥಣಿಯ ಆಬಾಸಾಹೇಬರ ಅಳಿಯ' ಎಂದು ಒಂದೇ ಸಾಲು ಸಹಿ ಹಾಕಿ, ಕಣ್ಣು ಮುಚ್ಚಿ ಕಳಿಸಿದ.

ಗಂಟೆಯೊಳಗೆ ಉತ್ತರ! ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅಪ್ಪಟ ಅಥಣಿ ಕನ್ನಡ. ಅದೂ ಲಿಸ್ಟಿನ ಸಾವಿರ ಜನರಿಗೂ ಹೋಗಿತ್ತು:

"ತವನಪ್ಪಣ್ಣಾರ, ನಾ ಮಾಳಸಿದ್ದ. ನಿಮ್ಮ ಮಾವನ ತೋಟದ ಬಾಜೂಕ ನಮ್ಮ ತೋಟ ಐತಿ. ಈಗ ಸಾಂಗಲಿಯೊಳಗ ದ್ರಾಕ್ಷಿ ಸಂಘದಾಗ ನೌಕರಿ. ಗಂಧಕದ ಪುಡಿ ಹೊಡಸ್ರಿ. ಇದನ್ನ ರವಿವಾರ ಊರಿಗೆ ಹೋದಾಗ ಬದುವಿನ ಮ್ಯಾಲ ನಿಂತ ಆಬಾಸಾಹೇಬ ಕಾಕಾಗ ಹೇಳೇನಿ, ಪುಡಿ ಚೀಲಾನೂ ಕೊಟ್ಟೇನಿ. 'ತಡಿಯಪಾ, ನಮ್ಮ ಅಳ್ಯಾರು ಜಗತ್ತಿಗೇ ಕೇಳಾಕತ್ತಾರ, ಉತ್ತರ ಬರ್ಲಿ' ಅಂದ್ರು. ಚೀಲ ಪಡಸಾಲ್ಯಾಗ ಹಂಗ ಕುಂತೈತಿ."

ಜಗತ್ತಿನ ಉತ್ತರ ಫೋನಿನಲ್ಲಿ ಅಥಣಿ ಮುಟ್ಟಿತು. ಮರುದಿನ ನಸುಕಿನಲ್ಲೇ ಪಡಸಾಲೆಯ ಚೀಲ ಬಿಚ್ಚಿತು, ತೋಟ ಉಳಿಯಿತು. ಫೆಬ್ರುವರಿಯಲ್ಲಿ ಎರಡು ಪೆಟ್ಟಿಗೆ ದ್ರಾಕ್ಷಿ ನಿಪ್ಪಾಣಿಗೆ ಬಂದವು.

"ನೋಡಿದ್ಯಾ, ಇಂಟರ್ನೆಟ್ಟಿನ ಪ್ರತಾಪ!" ಎಂದು ತವನಪ್ಪ ಹಣ್ಣಿಗೆ ಕೈ ಹಾಕಿದ.

ರಾಜಮತಿ ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡಳು. "ಮುಂದಿನ ಸಲ ಬದುವಿನ ಮ್ಯಾಲ ನಿಂತ ಕೂಗ್ರಿ. ಅಲ್ಲಿ ಐದೂ ಮಂದಿ ಹೆಸರ ಹಿಡದ ಕೂಗಿದ್ರೂ ಯಾರೂ ವಾಪಸ್ ಕಳಸಾಂಗಿಲ್ಲ!"