ಮಗಳ ಮದುವೆಗೆ ಬಂದ ಪ್ಲಟೂನು

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಹಲಸೂರಿನ ನಮ್ಮ ಬೀದಿಗೆ ಸೇನಾ ವಿಷಯದಲ್ಲಿ ಏಕೈಕ ಪ್ರಮಾಣಪುರುಷನೆಂದರೆ ನಾನು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದೆ. ಕೋವಿ ಮುಟ್ಟಿದವನಲ್ಲ, ದೀಪಾವಳಿಯ ಪಟಾಕಿಗೂ ಹೆಂಡತಿಯನ್ನೇ ಮುಂದೆ ಬಿಡುತ್ತಿದ್ದೆ. ಆದರೂ ಸಂಜೆ ಜಗಲಿಯ ಮೇಲೆ ಕೂತು, ರೋಮನರು ದಂಡನ್ನು ನೂರು ನೂರಾಗಿ ಹಂಚಿದ್ದು, ಮೊಗಲರು ಹತ್ತರ ಮೇಲೆ ಹತ್ತು ಏರಿಸಿದ್ದು, ನಮ್ಮ ಹಿಂದಿನವರು ಅಕ್ಷೌಹಿಣಿ ಕಟ್ಟಿದ್ದು ಎಲ್ಲವನ್ನೂ ವಿವರಿಸುತ್ತಿದ್ದೆ. ನೆರೆಯವರು ತಲೆದೂಗುತ್ತಿದ್ದರು. ಅದು ತೂಕಡಿಕೆ ಎಂದು ನನ್ನ ಹೆಂಡತಿ ಕಮಲಮ್ಮನ ಅಭಿಪ್ರಾಯ.

ಆಗಲೇ ನಮ್ಮ ಒಬ್ಬಳೇ ಮಗಳು ಶಾರದೆಯ ಮದುವೆ ಗೊತ್ತಾಯಿತು. ಬೀಗರು ಮರ್ಯಾದೆಯಲ್ಲಿ ಕೂದಲೆಳೆಯಷ್ಟು ಕಡಿಮೆಯಾದರೂ ಸಹಿಸುವವರಲ್ಲ. ಮಗಳು ಬಾಳಬೇಕಾದ ಮನೆ, ಊಟೋಪಚಾರದಲ್ಲಿ ಕೊರತೆಯಾದರೆ ಅವಳು ಜೀವನಪೂರ್ತಿ ಮಾತು ಕೇಳಬೇಕಾಗುತ್ತದೆ ಎಂದು ಕಮಲಮ್ಮ ಹಗಲೂ ರಾತ್ರಿ ಹೇಳುತ್ತಿದ್ದಳು. ಅಕ್ಕಿ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ. ಒಂದೊಂದು ಸೇರಿಗೂ ಕೈಮುಗಿಯಬೇಕಿತ್ತು.

ವರನ ಅಣ್ಣ ಸೈನ್ಯದಲ್ಲಿ ಹವಾಲ್ದಾರ. ಮದುವೆಗೆ ಒಂದು ವಾರವಿದೆ ಎನ್ನುವಾಗ ಬಂದು, ತನ್ನ ಪ್ಲಟೂನು ಪೂರ್ತಿ ಊಟಕ್ಕೆ ಬರುತ್ತದೆ, ತೊಂದರೆಯಿಲ್ಲ ತಾನೇ ಎಂದು ವಿಚಾರಿಸಿದ. ಬಹಳ ಸಂತೋಷ ಎಂದೆ. ಅವನು ಹೊಸ್ತಿಲು ದಾಟುತ್ತಲೇ ಕಮಲಮ್ಮ, ಓಡಿಹೋಗಿ ಎಷ್ಟು ಜನವೆಂದು ಕೇಳಿಕೊಂಡು ಬನ್ನಿ ಎಂದು ನನ್ನ ಬೆನ್ನು ತಳ್ಳಿದಳು. ಚರಿತ್ರೆಯ ಮೇಷ್ಟ್ರು ಹೋಗಿ ಹವಾಲ್ದಾರನ ಹತ್ತಿರ ಸೈನ್ಯದ ಲೆಕ್ಕ ಕೇಳುವುದೇ! ನಾನು ಕದಲಲಿಲ್ಲ.

ನನ್ನ ಸಿದ್ಧಾಂತ ಸರಳವಾಗಿತ್ತು. ಲೋಕದಲ್ಲಿ ಸೇನೆಯ ಲೆಕ್ಕ ಒಂದೇ, ಹೆಸರು ಮಾತ್ರ ಬೇರೆ. ನಮ್ಮ ಪುರಾಣದ ಸೇನೆಯಲ್ಲಿ ತೀರಾ ಚಿಕ್ಕ ತುಕಡಿ ಪತ್ತಿ. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು. ಇಂಥ ಮೂರು ಸೇರಿದರೆ ಸೇನಾಮುಖ. ಇಂಗ್ಲಿಷರಲ್ಲೂ ಮೂರು ಸೆಕ್ಷನ್ ಸೇರಿದರೆ ಪ್ಲಟೂನು! ಅಲ್ಲಿಗೆ ಪ್ಲಟೂನೇ ಸೇನಾಮುಖವೆಂದು ಸಿದ್ಧವಾಯಿತು. ರಥದ ಕಾಲ ಮುಗಿದಿದೆ, ಆನೆಯನ್ನು ಮದುವೆಮನೆಗೆ ತರಲಾರರು. ಉಳಿದದ್ದು ಹದಿನೈದು ಕಾಲಾಳು, ಒಂಬತ್ತು ಕುದುರೆ.

"ಕುದುರೆ ಮೇಲೆ ಕೂತು ಬರೋರು ಊಟ ಮಾಡಲ್ವೇನ್ರೀ?" ಎಂದಳು ಕಮಲಮ್ಮ.

ಶಾಸ್ತ್ರದಲ್ಲಿ ಅದನ್ನು ಬೇರೆಯಾಗಿ ಹೇಳಿಲ್ಲ ಎಂದು ಗದರಿದೆ. ರಥ, ಆನೆಗಳ ಮೇಲಿನವರನ್ನೂ ಸೇರಿಸಿ ಅವಳ ದಾರಿಯಲ್ಲೇ ಹೋಗಿದ್ದರೆ ಮೂವತ್ತಾಗುತ್ತಿತ್ತು, ನಮ್ಮ ಮಾನ ಹೇಗೋ ಉಳಿಯುತ್ತಿತ್ತು. ನಾನು ಪ್ಲಟೂನಿಗೆಂದು ಹದಿನೈದು ಜನರ ಅಕ್ಕಿ ಹೆಚ್ಚಾಗಿ ಹೊಂದಿಸಿ, ಕೃಷ್ಣರಾಜಪುರದಿಂದ ಒಂದು ಗಾಡಿ ಹಸಿ ಹುಲ್ಲು ತರಿಸಿದೆ.

ಮದುವೆಯ ದಿನ ಮಾಂಗಲ್ಯಧಾರಣೆ ಚೆನ್ನಾಗಿಯೇ ಆಯಿತು. ಊಟ ಹನ್ನೆರಡಕ್ಕೆ ಎಂದು ಎಲ್ಲರಿಗೂ ಹೇಳಿದ್ದೆ. ನಮ್ಮಲ್ಲಿ ಹನ್ನೆರಡು ಎಂದರೆ ಎರಡು ಗಂಟೆ. ಸೈನ್ಯದಲ್ಲಿ ಹನ್ನೆರಡು ಎಂದರೆ ಹನ್ನೆರಡೇ. ಸರಿಯಾಗಿ ಆ ಹೊತ್ತಿಗೆ ಚಪ್ಪರದ ಮುಂದೆ ಒಂದು ಲಾರಿ ನಿಂತಿತು. ಜವಾನರು ಇಳಿದರು. ಇಳಿಯುತ್ತಲೇ ಇದ್ದರು. ಮೂವತ್ತೈದರವರೆಗೆ ಎಣಿಸಿ ನಾನು ಕಣ್ಣು ಮುಚ್ಚಿಕೊಂಡೆ. ಒಂದೇ ಒಂದು ಕುದುರೆ ಇರಲಿಲ್ಲ!

ಎಲೆ ಹಾಕಿದ್ದು ಕಂಡು ಅವರು ಶಿಸ್ತಾಗಿ ಮೊದಲನೆಯ ಪಂಕ್ತಿಯಲ್ಲಿ ಕೂತುಬಿಟ್ಟರು. ಅದು ಬೀಗರ ಪಂಕ್ತಿ. ಆದರೆ ಬಂದವರೂ ವರನ ಅಣ್ಣನ ಅತಿಥಿಗಳೇ, ಎಬ್ಬಿಸುವುದು ಹೇಗೆ? ಸಾರಿಗೆ ನೀರು ಬೆರೆಸಲು ಅಡುಗೆಯವರಿಗೆ ಗುಟ್ಟಾಗಿ ಹೇಳಿದೆ. ಗಡಿಬಿಡಿಯಲ್ಲಿ ನೀರು ಪಾಯಸದ ಪಾತ್ರೆಗೂ ಬಿತ್ತು. ಅಕ್ಕಪಕ್ಕದ ಮನೆಗಳಿಗೆ ಅಕ್ಕಿಗೆ ಓಡಿದೆ. ಅವರೆಲ್ಲ ನಮ್ಮನೆ ಊಟ ನಂಬಿ ಒಲೆಯನ್ನೇ ಹಚ್ಚಿರಲಿಲ್ಲ, ಡಬ್ಬದ ತಳ ತೋರಿಸಿದರು.

ಎರಡನೆಯ ಪಂಕ್ತಿಯಲ್ಲಿ ಬೀಗರು ಉಪ್ಪು, ಉಪ್ಪಿನಕಾಯಿ, ಕೋಸಂಬರಿಗಳನ್ನು ನೋಡುತ್ತ ಕೂತರು. ಅನ್ನ ಬರಲಿಲ್ಲ. ಕೊನೆಗೆ ಬಂದದ್ದು ಸಾಲ ತಂದ ರವೆಯ ಉಪ್ಪಿಟ್ಟು. ವರನ ತಂದೆ ಅದನ್ನು ಮುಟ್ಟದೆ ಎಲೆಯ ಮುಂದಿನಿಂದ ಎದ್ದರು. ಬೈದಿದ್ದರೆ ವಾಸಿಯಿತ್ತು. ಆ ದಿನ ಹೊಟ್ಟೆ ತುಂಬ ಉಂಡವರೆಂದರೆ ಜವಾನರು ಮತ್ತು ಬೀಗರನ್ನು ಕರೆತಂದ ಜಟಕಾ ಕುದುರೆಗಳು.

ನಾನು ಉಗ್ರಾಣದಲ್ಲಿ ಖಾಲಿ ಗೋಣಿಚೀಲದ ಮೇಲೆ ಕೂತು ಅತ್ತೆ. ಮಗಳ ಸಂಸಾರ ಶುರುವಾಗುವ ಮೊದಲೇ ಅದಕ್ಕೆ ಕಲ್ಲು ಹಾಕಿದ್ದೆನಲ್ಲ ಎನ್ನಿಸಿತು.

ಸಂಜೆ ಹೊರಡುವಾಗ ಶಾರದೆ ಕಾಲಿಗೆ ನಮಸ್ಕಾರ ಮಾಡಿದಳು. ಮಾವ ಮುನಿದಿದ್ದಾರೇನಮ್ಮ ಎಂದು ಕೇಳಿದೆ. ಸ್ವಲ್ಪ ಮುನಿದಿದ್ದಾರೆ, ಸರಿಹೋಗುತ್ತದೆ ಎಂದು ನನಗೇ ಸಮಾಧಾನ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು.

"ನಾಳೆ ಬೀಗರೂಟಕ್ಕೆ ನಿಮ್ಮನೆಯಿಂದ ಎಷ್ಟು ಜನ ಬರ್ತಾರೆ ಅಂತ ಅವರ ಮನೆಯವರು ಕೇಳಿದ್ರು ಅಪ್ಪಾ. ಅಮ್ಮನ್ನ ಕೇಳಿ ಹೇಳ್ತೀನಿ ಅಂದಿದ್ದೀನಿ."

ಮನೆಯಲ್ಲಿ ಉಳಿದಿದ್ದವರು ನಾನು, ಕಮಲಮ್ಮ, ನಮ್ಮ ಅತ್ತೆ. ಅಷ್ಟನ್ನು ಎಣಿಸಲೂ ನನ್ನನ್ನು ನಂಬಲಿಲ್ಲ!