ಪಾತ್ರೆಯ ತಳ ನೋಡುವವರು

ಹೊಟ್ಟಿನ ಒಲೆಯ ನಡುವೆ ಬಾಟ್ಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟು ಸುರಿದು ಗಟ್ಟಿಯಾಗಿ ಬಡಿಯುತ್ತಿದ್ದೆ. ಪಕ್ಕದ ಮನೆ ಸರೋಜ ಬಾಗಿಲಲ್ಲಿ ನಿಂತು, "ಅಕ್ಕಾ, ನಿಮ್ಮ ಯಜಮಾನ್ರಿಗೆ ಬರಬೇಕಿದ್ದ ಫೋರ್‌ಮನ್ ಕೆಲಸ ತಪ್ಪೋಯ್ತಂತೆ" ಅಂದಳು. ಅವಳ ಗಂಡನೂ ಪೀಣ್ಯದಲ್ಲಿ ನಮ್ಮವರಿದ್ದ ಕಾರ್ಖಾನೆಯಲ್ಲೇ ಇದ್ದವರು. ಆಗತಾನೆ ಶಿಫ್ಟ್ ಮುಗಿಸಿ ಬಂದು ಹೇಳಿದ್ದರಂತೆ.

ಫೋರ್‌ಮನ್ ಅಂದರೆ ಕ್ವಾರ್ಟರ್ಸು. ಕ್ವಾರ್ಟರ್ಸು ಅಂದರೆ ಗ್ಯಾಸ್ ಒಲೆ. ಆ ಒಲೆಗೆ ನಾನು ಮನಸ್ಸಿನಲ್ಲೇ ಅರಿಶಿನ ಕುಂಕುಮ ಇಟ್ಟಾಗಿತ್ತು.

ತಪ್ಪದೆ ಇನ್ನೇನಾಗುತ್ತೆ, ಹೇಳಿ. ಈ ದೇಶದ ಇಂಧನ ನೀತಿಯೆಲ್ಲ ಪಾತ್ರೆಗಳ ತಳದಲ್ಲಿದೆ ಅಂತ ನಂಬಿದ ಮನುಷ್ಯ ನಮ್ಮವರು. ಯಾರ ಮನೆಗೆ ಹೋದರೂ ಮೊದಲು ಅಡುಗೆಮನೆಗೆ ನುಗ್ಗಿ, ಪಾತ್ರೆ ಎತ್ತಿ, ತಳಕ್ಕೆ ಬೆರಳು ಒರಸಿ ಮಸಿ ನೋಡುತ್ತಿದ್ದರು. ನನ್ನ ಮೈದುನನಿಗೆ ಹೆಣ್ಣು ನೋಡಲು ಆನೇಕಲ್ಲಿಗೆ ಹೋದಾಗಲೂ ಅದೇ ಕಥೆ. ಹುಡುಗಿ ಹೇಗಿದ್ದಾಳೆ ಅಂತ ಅತ್ತೆ ಕೇಳಿದರೆ, "ಹಸಿ ಸೌದೆ ಉರಿಸ್ತಾರಮ್ಮ" ಅಂದರು. ಸಂಬಂಧ ಅಲ್ಲಿಗೇ ಮುರಿಯಿತು.

ರೇಡಿಯೋದಲ್ಲಿ ಇಷ್ಟು ವಿದ್ಯುತ್ ಹೆಚ್ಚಾಯಿತು ಅಂತ ಬಂದರೆ ಇವರ ಮೂಗು ಕೆಂಪಾಗೋದು. "ಎಷ್ಟು ಹುಟ್ಟಿತು ಅನ್ನೋದಲ್ಲ ಕಣೇ, ಅದರಿಂದ ಯಾರ ಮನೇಲಿ ಏನು ಸುಖ ಆಯ್ತು ಅಂತ ಅಳೀಬೇಕು. ಅದನ್ನ ನೋಡಿ ನೀತಿ ಮಾಡ್ಬೇಕು."

"ನೀತಿ ಮಾಡೋರು ನಮ್ಮ ಪಾತ್ರೆ ತೊಳೆಯೋಕೆ ಬರ್ತಾರೇನ್ರೀ?"

"ಬಂದಿದ್ರೆ ದೇಶ ಉದ್ಧಾರ ಆಗ್ತಿತ್ತು."

ನನ್ನ ದೇವರ ದೀಪವನ್ನೂ ಬಿಡಲಿಲ್ಲ ಪುಣ್ಯಾತ್ಮ. ಬಗ್ಗಿ ನೋಡಿ, "ಇದು ಪಾಸು, ಹೊಗೆ ಇಲ್ಲ" ಅಂದರು. ಸ್ವಾಮಿ ಪರೀಕ್ಷೆಯಲ್ಲಿ ಗೆದ್ದ. ಅಷ್ಟಾದರೂ ಆಯಿತಲ್ಲ ಅಂತ ಕೈ ಮುಗಿದೆ.

ಅವತ್ತು ಕಾರ್ಖಾನೆಯಲ್ಲಿ ಕರೆಂಟ್ ಉಳಿತಾಯದ ಸಭೆ. ಆ ವರ್ಷ ಮಳೆ ಕೈಕೊಟ್ಟು, ಜಲಾಶಯ ಬತ್ತಿ, ಎಲ್ಲೆಲ್ಲೂ ಪವರ್ ಕಟ್. ಮಿಷೀನುಗಳು ನಿಂತಿದ್ದವು, ಅದಕ್ಕೇ ಬಿಲ್ಲೂ ಇಳಿದಿತ್ತು. ದೊಡ್ಡ ಸಾಹೇಬರು ಅದನ್ನೇ ಉಳಿತಾಯ ಅಂತ ಡೆಲ್ಲಿಗೆ ಬರೆಯುವವರಿದ್ದರು. "ಬಾಯಿ ಮುಚ್ಕೊಂಡು ಕೂತು ಬನ್ನಿ" ಅಂತ ಹೇಳಿಯೇ ಡಬ್ಬಿ ಕೊಟ್ಟಿದ್ದೆ.

"ಎದ್ದು ನಿಂತುಬಿಟ್ರಂತೆ ಅಕ್ಕಾ," ಸರೋಜ ಹೊಸಿಲ ಮೇಲೆ ಕೂತಳು. "'ಸಾರ್, ಅನ್ನ ಸಿಗದೆ ಮಲಗಿದವನಿಗೆ ಏಕಾದಶಿ ಪುಣ್ಯ ಕೊಡ್ತೀರಾ? ಒಂದೊಂದು ಸಾಮಾನಿಗೆ ಎಷ್ಟು ಕರೆಂಟ್ ಹೋಯ್ತು, ಅದನ್ನ ಬರೀರಿ. ಇದನ್ನ ನಂಬಿ ಡೆಲ್ಲಿಯೋರು ದೇಶಕ್ಕೆಲ್ಲ ನೀತಿ ಮಾಡಿದ್ರೆ ಗತಿ ಏನು' ಅಂದ್ರಂತೆ. ಅಲ್ಲೇ ಫೋರ್‌ಮನ್ ಕೆಲಸ ಇನ್ನೊಬ್ರಿಗೆ ಆಯ್ತು."

ದೇಶಕ್ಕೆ ಸತ್ಯ ಹೇಳಿದರು, ಸರಿ. ಹೊಗೆ ಕುಡಿಯೋಳು ಯಾರು? ಮಾಕಳಿಯ ಸಾಮಿಲ್ಲಿನಿಂದ ಹೊಟ್ಟು ಹೊತ್ತು ತಂದು ಉರಿಸಿ ಉರಿಸಿ ನನ್ನ ಎದೆಯೇ ಒಂದು ಒಲೆಯಾಗಿತ್ತು. ಬಾಟ್ಲಿಯ ಸುತ್ತ ಬಡಿದೆ, ಇನ್ನೂ ಬಡಿದೆ.

ಸರೋಜ ಏಳಲಿಲ್ಲ. "ಇನ್ನೊಂದಿದೆ ಅಕ್ಕಾ. ಸಾಹೇಬ್ರು ಗೇಲಿ ಮಾಡಿದ್ರಂತೆ, 'ದೇಶ ಮುಂದೆ ಹೋಯ್ತೋ ಇಲ್ವೋ ಅಂತ ನೀವು ಯಾವ ಮೀಟರ್ ನೋಡ್ತೀರಿ ಸ್ವಾಮಿ' ಅಂತ. ನಿಮ್ಮೋರು, 'ನನ್ನ ಹೆಂಡ್ತಿ ಕೆಮ್ಮು ಸಾರ್. ದಿನಾ ಕೇಳಿಸ್ಕೊಳ್ತೀನಿ, ಕಮ್ಮಿ ಆಗಿಲ್ಲ' ಅಂದ್ರಂತೆ. ಎಲ್ಲಾ ಬಿದ್ದು ಬಿದ್ದು ನಕ್ರಂತೆ."

ಬೆಳಗ್ಗೆ ಒಲೆ ಹಚ್ಚುವ ಹೊತ್ತಿಗೆ ಪೇಪರ್ ಹಿಡಿದು ಅಡುಗೆಮನೆ ಗೋಡೆಗೆ ಒರಗಿ ಕೂರುತ್ತಿದ್ದರು. ಕಾಫಿಗೆ ಕಾಯುತ್ತಾರೆ ಅಂದುಕೊಂಡಿದ್ದೆ.

ಸಂಜೆ ಬಂದರು, ಕಾಲು ತೊಳೆದರು, ಅದೇ ಗೋಡೆಗೆ ಒರಗಿದರು. ನಾನು ಬಾಟ್ಲಿ ತಿರುಗಿಸಿ ಮೆಲ್ಲಗೆ ಮೇಲೆತ್ತಿದೆ. ಹೊಟ್ಟು ಕುಸಿಯಲಿಲ್ಲ, ದೇವರು ದೊಡ್ಡವನು. ಬೆಂಕಿ ಹಚ್ಚಿದೆ. ಹೊಗೆ ಎದ್ದಿತು, ಕೆಮ್ಮು ಗಂಟಲಿಗೆ ಬಂತು. ಸೆರಗಿನ ಮುದ್ದೆ ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಹೋಗಿ ಕೆಮ್ಮಿದೆ.

ಒಳಗೆ ಬಂದಾಗ ಅವರು ತಲೆ ಎತ್ತಿ, "ಇವತ್ತು ಕಮ್ಮಿ ಅಲ್ವೇನೇ?" ಅಂದರು.

"ಹೂಂ ರೀ, ಕಮ್ಮಿ" ಅಂದೆ. ಸಾಹೇಬರು ಬರೆಯೋ ಉಳಿತಾಯದ ಹಾಗೇ ಇದೂ. ಕಣ್ಣೊರಸಿಕೊಂಡು ಅಕ್ಕಿ ತೊಳೆಯಲು ಕೂತೆ.